ಹಲಸಿನ ಹಲಗೆಯ ಕಡಲು

ದೇವರನ್ನು ಕೆತ್ತುವವರಿಗೆ ಈ ತಾಪತ್ರಯ ಇಲ್ಲ. ಮನೆಗೆ ಒಯ್ದವರು ಕೈಮುಗಿದು ಸುಮ್ಮನಾಗ್ತಾರೆ. ದೇವರ ಮೂಗು ಸ್ವಲ್ಪ ತೆಗೀರಿ ಅಂತ ಹೇಳುವ ಧೈರ್ಯ ಯಾರಿಗುಂಟು? ನಾನು ಕೆತ್ತುವುದು ಗುಡ್ಡ, ಹೊಳೆ, ಕಡಲು, ತೆಂಗಿನಮರ. ಇವುಗಳನ್ನೆಲ್ಲ ಎಲ್ಲರೂ ನೋಡಿದ್ದಾರೆ, ಹಾಗಾಗಿ ಎಲ್ಲರ ಹತ್ತಿರವೂ ಒಂದೊಂದು ತಿದ್ದುಪಡಿ ಉಂಟು. ಮೂವತ್ತು ವರ್ಷದಿಂದ ನನಗೆ ಇಂಥದ್ದು ಆಗ್ತಲೇ ಇದೆ. ಆದರೆ ಒಂದೇ ಹಲಗೆಗೆ ಇಷ್ಟೆಲ್ಲ ಆದದ್ದು ಇದೇ ಮೊದಲು.

ಮಂಗಳೂರಿನ ಕದ್ರಿಯ ಇಳಿಜಾರಿನಲ್ಲಿ ನಮ್ಮ ಮನೆ, ಎದುರಿನ ಜಗಲಿಯೇ ನನ್ನ ಕಾರ್ಖಾನೆ. ನನ್ನ ಶಾಸ್ತ್ರ ಸಣ್ಣದು. ಹಲಗೆಯಲ್ಲಿ ಬೇಡದ್ದನ್ನು ತೆಗೆದರೆ ಬೇಕಾದ್ದು ಉಬ್ಬಿ ನಿಲ್ಲುತ್ತದೆ. ತೆಗೆಯಬಹುದು, ಸೇರಿಸಲಿಕ್ಕೆ ಆಗುವುದಿಲ್ಲ. ಅಂಟು ಹಾಕಿ ಸೇರಿಸುವವರು ಇದ್ದಾರಂತೆ. ಅವರ ಸುದ್ದಿಯನ್ನು ನನ್ನ ಜಗಲಿಯಲ್ಲಿ ಎತ್ತುವ ಹಾಗಿಲ್ಲ.

ಕುರ್ಚಿಯ ಪಂಥ

ನನ್ನ ಹೆಂಡತಿಯ ಅಣ್ಣನಿಗೆ, ಅಂದರೆ ನನ್ನ ಭಾವನಿಗೆ, ಊಟದ ಹೋಟೆಲುಂಟು. ಒಳ್ಳೆಯ ಮನುಷ್ಯ, ಒಂದೇ ದೋಷ: ಕ್ಯಾಶ್ ಕೌಂಟರಿನಲ್ಲಿ ಕೂತವನು ಮಾತ್ರ ಕೆಲಸ ಮಾಡ್ತಾನೆ ಅಂತ ನಂಬಿದ್ದಾನೆ. ಏಪ್ರಿಲಿನಲ್ಲಿ ಬಿಸು ಹಬ್ಬದ ದಿನ ನಮ್ಮಲ್ಲಿಗೆ ಊಟಕ್ಕೆ ಬಂದವನು ಜಗಲಿಯಲ್ಲಿದ್ದ ಹೊಸ ಹಲಗೆ ನೋಡಿದ. ನಾಲ್ಕಡಿಯ ಹಲಸು. ಅದರಲ್ಲಿ ಮುಳುಗುವ ಸೂರ್ಯ, ಒಂದು ದೋಣಿ, ದೋಣಿಯಲ್ಲಿ ಹುಟ್ಟು ಹಾಕುವವನು, ದಡದಲ್ಲಿ ಒಂದು ತೆಂಗಿನಮರ, ಉಳಿದ ಜಾಗವೆಲ್ಲ ಅಲೆ. ನನ್ನ ಜೀವಮಾನದ ಕೆಲಸ ಅಂತ ನಾನೇ ಹೇಳಿಕೊಳ್ತಿದ್ದೆ. ಬೇರೆಯವರು ಹೇಳುವವರೆಗೆ ಕಾಯುವ ಅಭ್ಯಾಸ ನನಗಿಲ್ಲ.

"ಇದನ್ನು ಯಾರು ಗೋಡೆಯಲ್ಲಿ ಹಾಕ್ತಾರೆ ಭಾವ? ಈಗ ಎಲ್ಲರ ಗೋಡೆಯಲ್ಲೂ ಟಿವಿ ಉಂಟು" ಅಂದ.

"ಟಿವಿ ತೆಗೆದು ಇದನ್ನು ಹಾಕ್ತಾರೆ" ಅಂದೆ.

"ಹಾಗಾದರೆ ಪಂಥ. ಚೌತಿಯ ಒಳಗೆ ಈ ಹಲಗೆ ಒಂದು ಗೋಡೆಯಲ್ಲಿ ಒಂದು ತಿಂಗಳು ಅಲ್ಲಾಡದೆ ನಿಲ್ಲಬೇಕು. ಯಾರ ಗೋಡೆಯಾದರೂ ಅಡ್ಡಿಯಿಲ್ಲ, ನಿನ್ನದೊಂದು ಬಿಟ್ಟು. ನಿಲ್ಲದಿದ್ದರೆ ಉಳಿ ಕಟ್ಟಿಟ್ಟು ನನ್ನ ಕೌಂಟರಿನಲ್ಲಿ ಕೂತುಕೊಳ್ಳಬೇಕು."

"ಒಂದು ತಿಂಗಳು ಎಂತದಕ್ಕೆ ಮಾರಾಯ, ಮೂರು ತಲೆಮಾರು ನಿಲ್ತದೆ" ಅಂದುಬಿಟ್ಟೆ. ಹೆಂಡತಿ ಪಾಯಸದ ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದಳು. ಉಳಿ ಹಿಡಿದ ಕೈಯಲ್ಲಿ ಹೋಟೆಲಿನ ಬಿಲ್ಲು ಚುಚ್ಚುವ ಕಂಬಿ ಹಿಡಿಯುವುದು ನನಗೂ ಕಣ್ಣಿಗೆ ಕಟ್ಟಿತು. ಆದರೆ ಹೊರಗೆ ತೋರಿಸಲಿಲ್ಲ, ಇನ್ನೊಂದು ಲೋಟ ಪಾಯಸ ಕೇಳಿದೆ.

ಚೆನ್ನೈಯ ಸೂರ್ಯ

ಮೊದಲ ಗೋಡೆ ಸಿಕ್ಕಿದ್ದು ಅತ್ತಾವರದಲ್ಲಿ, ನನ್ನ ಪರಿಚಯದ ಡಾಕ್ಟರ ಕ್ಲಿನಿಕ್ಕಿನಲ್ಲಿ. ಕಾದು ಕೂತ ರೋಗಿಗಳಿಗೆ ಸಮಾಧಾನವಾಗಲಿ ಅಂತ ಅವರೇ ಎದುರಿನ ಗೋಡೆಗೆ ಹಾಕಿಸಿದರು. ನಾಲ್ಕನೇ ದಿನ ಫೋನ್ ಬಂತು.

"ಸ್ವಲ್ಪ ಬನ್ನಿ. ಬಿಪಿ ನೋಡಿದರೆ ಎಲ್ಲರದ್ದೂ ಹೆಚ್ಚು ಬರ್ತಾ ಉಂಟು."

ಹೋದೆ. ಒಬ್ಬರು ಅಜ್ಜಿ ಡಾಕ್ಟರಿಗೆ ಜೋರು ಮಾಡ್ತಾ ಇದ್ದರು. "ಬಂದವರ ಕಣ್ಣೆದುರಿಗೆ ಸೂರ್ಯನನ್ನು ಮುಳುಗಿಸಿ ಇಟ್ಟಿದ್ದೀರಲ್ಲ, ನಾವೆಲ್ಲ ಎಂತ ಅಂತ ತಿಳಿದುಕೊಳ್ಳುವುದು?"

ಡಾಕ್ಟರು ನನ್ನನ್ನು ಬದಿಗೆ ಕರೆದು, ಇದನ್ನು ಸೂರ್ಯೋದಯ ಮಾಡಲಿಕ್ಕೆ ಆಗ್ತದಾ ಅಂತ ಕೇಳಿದರು. ಮರದಲ್ಲಿ ಬಣ್ಣ ಇಲ್ಲ. ಏಳುವ ಸೂರ್ಯನಿಗೂ ಮುಳುಗುವ ಸೂರ್ಯನಿಗೂ ಒಂದು ಗೀರಿನ ವ್ಯತ್ಯಾಸವೂ ಇಲ್ಲ. "ಅರ್ಧ ಗಂಟೆ ಕೊಡಿ" ಅಂದೆ. ಒಂದು ಹಿತ್ತಾಳೆ ಪಟ್ಟಿಯಲ್ಲಿ 'ಸೂರ್ಯೋದಯ' ಅಂತ ಬರೆಸಿ ಕೆಳಗೆ ಹೊಡೆದೆ. ಅಜ್ಜಿಯ ಬಿಪಿ ಆಗಲೇ ಇಳಿಯಿತಂತೆ.

ವಾರ ಚಂದವಾಗಿ ಕಳೆಯಿತು. ಆಮೇಲೆ ಒಬ್ಬರು ರಿಟೈರ್ಡ್ ಭೂಗೋಳದ ಮೇಷ್ಟ್ರು ಮಂಡಿನೋವಿಗೆ ಅಂತ ಬಂದರು. ಡಾಕ್ಟರು ನನ್ನನ್ನು ಮತ್ತೆ ಕರೆಸಿದರು.

"ನಮ್ಮ ಕಡಲು ಇರುವುದು ಪಶ್ಚಿಮಕ್ಕೆ. ಅಲ್ಲಿ ಸೂರ್ಯ ಹುಟ್ಟುವುದು ಹೇಗೆ?" ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದವರ ಹಾಗೆ ಕೇಳಿದರು.

"ಇದು ಚೆನ್ನೈ ಸಾರ್" ಅಂದೆ, ಒಂದು ಚೂರೂ ತಡವರಿಸದೆ.

ಮೇಷ್ಟ್ರು ಕನ್ನಡಕ ಏರಿಸಿ ಹಲಗೆಯ ಮೂಲೆಗೆ ಬೆರಳಿಟ್ಟರು. ಅಲ್ಲಿ ನನ್ನ ಹೆಸರು, ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಮಂಗಳೂರು' ಅಂತ ನಾನೇ ಕೆತ್ತಿದ್ದೆ.

ಹನ್ನೆರಡನೇ ದಿನ ಹಲಗೆ ಜಗಲಿಗೆ ಬಂತು. ಹಿತ್ತಾಳೆ ಪಟ್ಟಿ ಕಿತ್ತು, ಸೂರ್ಯನನ್ನು ಕೆತ್ತಿ ತೆಗೆದು, ಅಲೆಗಳನ್ನು ಮೇಲಿನವರೆಗೂ ಎಳೆದೆ. ನನ್ನ ಮಟ್ಟಿಗೆ ಅದು ಮೊದಲಿಗಿಂತ ಚಂದ ಕಂಡಿತು. ಹೆಂಡತಿ ಮಾತ್ರ, "ಸೂರ್ಯ ಹೋದ ಮೇಲೆ ಸೊಳ್ಳೆ ಬರ್ತದೆ, ಬಾಗಿಲು ಹಾಕಿ" ಅಂದಳು.

ದೋಣಿಗೆ ಯಾರು ದಿಕ್ಕು?

ಎರಡನೇ ಗೋಡೆ ಬಂದರಿನ ಹತ್ತಿರ ಅಂಗಡಿ ಇರುವ ಒಬ್ಬರು ಬ್ಯಾರಿ ಮುಸಲ್ಮಾನ ವ್ಯಾಪಾರಿಯದ್ದು. ಗಲ್ಫಿನಿಂದ ಬಂದು ಹೊಸ ಮನೆ ಕಟ್ಟಿಸಿದ್ದರು. ಹಲಗೆಯನ್ನು ಕೈಯಲ್ಲಿ ಸವರಿ ನೋಡಿ, "ಬಾರೀ ಲಾಯ್ಕ ಉಂಟು. ಆದರೆ ನಮ್ಮ ಮನೆಯಲ್ಲಿ ಮನುಷ್ಯನ ರೂಪ ಇಡುವುದಿಲ್ಲ. ದೋಣಿಯವನನ್ನು ಒಂದು ಇಳಿಸ್ತೀರಾ?" ಅಂತ ಮರ್ಯಾದೆಯಿಂದ ಕೇಳಿದರು.

ಇಳಿಸಿದೆ. ಹುಟ್ಟಿನ ಸಮೇತ ಇಳಿಸಿದೆ. ಹಲಗೆ ಅವರ ಹಾಲಿನಲ್ಲಿ, ಅವರ ತಾಯಿ ಕೂತುಕೊಳ್ಳುವ ಕುರ್ಚಿಯ ನೇರಕ್ಕೆ ನಿಂತಿತು. ನಾನು ಬಿರಿಯಾನಿ ಉಂಡು ಬಂದೆ.

ಎರಡು ವಾರವಾದ ಮೇಲೆ ವ್ಯಾಪಾರಿ ಫೋನ್ ಮಾಡಿದರು. "ಉಮ್ಮನಿಗೆ ಊಟ ಸೇರ್ತಾ ಇಲ್ಲ. ನೀವೇ ಬಂದು ಸ್ವಲ್ಪ ಮಾತಾಡಿ."

ಆ ತಾಯಿಯ ತಂದೆ ಹಿಂದೆ ಮಂಜಿ ಎಂಬ ಸರಕಿನ ಹಾಯಿಹಡಗಿನಲ್ಲಿ ಹೋಗ್ತಿದ್ದವರಂತೆ. ದೋಣಿಯ ವಿಷಯದಲ್ಲಿ ಅವರಿಗೆ ಸುಳ್ಳು ಹೇಳಿ ದಾಟುವ ಹಾಗಿರಲಿಲ್ಲ.

"ದೋಣಿಯಲ್ಲಿ ಯಾರೂ ಇಲ್ಲ. ಅಲೆ ಇಷ್ಟು ದೊಡ್ಡದುಂಟು. ಬೆಳಿಗ್ಗೆಯಿಂದ ನೋಡ್ತಾ ಇದ್ದೇನೆ, ಯಾರೂ ಹಿಡಿಯಲಿಕ್ಕೆ ಬರುವುದಿಲ್ಲ" ಅಂದರು ಉಮ್ಮ. "ಒಂದು ಹಗ್ಗ ಹಾಕಿ ಆ ತೆಂಗಿನಮರಕ್ಕಾದರೂ ಕಟ್ಟು ಮಗಾ."

ಹಗ್ಗ ಉಬ್ಬಿ ಕಾಣಬೇಕು, ಅದಕ್ಕೆ ಹಲಗೆಯ ಆ ಜಾಗದಲ್ಲಿ ಕೆತ್ತದ ದಪ್ಪ ಉಳಿದಿರಬೇಕು. ಉಳಿದಿರಲಿಲ್ಲ. ಆದರೂ ಸೋಲುವುದುಂಟಾ? "ಹಗ್ಗ ಉಂಟು ಉಮ್ಮ, ನೀರಿನ ಅಡಿಯಲ್ಲಿ ಕಟ್ಟಿದ್ದೇನೆ. ಹಾಗೆ ಕಾಣುವುದಿಲ್ಲ" ಅಂದೆ.

ಅವರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. "ನೀರಿನ ಅಡಿಯಲ್ಲಿ ಯಾರಿಗೆ ಕಟ್ಟಿದ್ದು? ಮೀನಿಗಾ?"

ಹಲಗೆಯನ್ನು ನಾನೇ ಹೊತ್ತುಕೊಂಡು ಬಂದೆ.

ಮೂತಿ ಎತ್ತ?

ಅಷ್ಟರಲ್ಲಿ ಮಳೆ ಹಿಡಿದಿತ್ತು. ಮೂರನೇ ಗೋಡೆ ದೇರೆಬೈಲಿನ ಒಂದು ಫ್ಲ್ಯಾಟಿನಲ್ಲಿ. ಗಂಡ ಹೆಂಡತಿ ಇಬ್ಬರೂ ಬಿಸಿನೆಸ್ಸಿನವರು, ಇಬ್ಬರಿಗೂ ವಾಸ್ತುವಿನ ಮೇಲೆ ಭಯಂಕರ ಭಕ್ತಿ. ಖಾಲಿ ದೋಣಿಯ ಬಗ್ಗೆ ಅವರಿಗೆ ತಕರಾರಿರಲಿಲ್ಲ. ಲಕ್ಷ್ಮಿ ಬಂದು ಕೂತುಕೊಳ್ಳಲಿಕ್ಕೆ ಜಾಗ ಉಂಟಲ್ಲ ಅಂತ ಖುಷಿಯೇ ಆಯಿತು.

ಮೂರನೇ ದಿನ ಆ ಫ್ಲ್ಯಾಟಿನ ಹೆಂಗಸಿನ ಫೋನ್. "ದೋಣಿಯ ಮೂತಿ ಹೊರಬಾಗಿಲಿನ ಕಡೆಗುಂಟು. ಬಂದ ಲಕ್ಷ್ಮಿ ಹೊರಗೆ ಹೋಗ್ತಾಳೆ. ತಿರುಗಿಸಿ ಕೊಡಿ."

ಮರದಲ್ಲಿ ಕೆತ್ತಿದ ದೋಣಿ ತಿರುಗುವುದಿಲ್ಲ, ಗೋಡೆ ಬದಲಿಸಿ ಅಂದೆ. ಎದುರಿನ ಗೋಡೆಗೆ ಹಾಕಿದರು. ಈಗ ಮೂತಿ ಒಳಗಿನ ಕಡೆಗೆ. ಎಲ್ಲ ಸರಿಯಾಯಿತು ಅಂತ ನಾನು ಕ್ಯಾಲೆಂಡರಿನಲ್ಲಿ ದಿನ ಎಣಿಸುತ್ತಾ ಕೂತೆ. ಹತ್ತನೇ ದಿನ ಗಂಡನ ಫೋನ್.

"ನಮ್ಮ ವಾಸ್ತುವಿನವರು ಟೇಪ್ ಹಿಡಿದು ನೋಡಿದರು. ನಿಮ್ಮ ದೋಣಿ ಸೀದಾ ಹೋಗುವುದು ನಮ್ಮ ಬಾತ್‌ರೂಮಿಗೆ."

"ಹೋಗಲಿ ಬಿಡಿ. ಅಷ್ಟು ದೂರದಿಂದ ಬಂದವಳು ಕೈಕಾಲು ತೊಳೆಯುವುದು ಬೇಡವಾ?" ಅಂದೆ.

ಅವರು ನಗಲಿಲ್ಲ. ಮಾರನೇ ದಿನ ಹಲಗೆ ಲಿಫ್ಟಿನಲ್ಲಿ ಕೆಳಗೆ ಬಂತು.

ತಲೆ ಇಲ್ಲದ ತೆಂಗು

ದೋಣಿಯನ್ನು ತೆಗೆದು ಆ ಜಾಗದಲ್ಲೂ ಅಲೆ ಕೆತ್ತಲಿಕ್ಕೆ ಕೂತೆ. ತೆಗೆದ ಹಾಗೆ ಹಲಗೆ ತೆಳುವಾಗ್ತಾ ಬಂತು, ಅಲೆ ಆಳವಾಗ್ತಾ ಹೋಯಿತು. ಕೈ ಅದರಷ್ಟಕ್ಕೇ ಓಡ್ತಾ ಇದ್ದಾಗ ಭಾವನ ಫೋನ್ ಬಂತು.

"ಕೌಂಟರಿಗೆ ಹೊಸ ಕುರ್ಚಿ ಮಾಡಿಸ್ತಾ ಇದ್ದೇನೆ. ಕುಶನ್ ನಿನಗೆ ಮೆತ್ತಗಿನದ್ದು ಆಗಬೇಕಾ, ಗಟ್ಟಿಯದ್ದಾ?"

ಸಿಟ್ಟು ನೆತ್ತಿಗೇರಿತು. ಬಲಗೈ ಜಾರಿತು. ತೆಂಗಿನಮರದ ಮಂಡೆ ಹಾರಿ ಅಂಗಳದಲ್ಲಿ ಬಿತ್ತು.

ಹೆಂಡತಿ ಓಡಿ ಬಂದು ನೋಡಿದಳು. "ಎಂತ ಮಾಡಿದಿರಿ? ತೆಂಗಿಗೆ ತಲೆಯೇ ಇಲ್ಲ!"

"ಬೇಕೂಂತಲೇ ತೆಗೆದದ್ದು. ಈಗ ಕಾಯಿ ಕೀಳಲಿಕ್ಕೆ ಜನ ಸಿಗುವುದಿಲ್ಲ" ಅಂದೆ.

ಬೋಳು ಕಂಬವನ್ನು ಇಟ್ಟುಕೊಂಡು ಎಂತ ಮಾಡುವುದು? ಅದನ್ನೂ ದಡದ ಸಮೇತ ತೆಗೆದೆ. ಈಗ ನಾಲ್ಕಡಿಯಲ್ಲಿ ಬರೀ ಅಲೆ. ಸೂರ್ಯ ಇಲ್ಲ, ದೋಣಿ ಇಲ್ಲ, ದಡವೇ ಇಲ್ಲ. ಚೌತಿಗೆ ಮೂವತ್ತನಾಲ್ಕು ದಿನ ಇತ್ತು. ನೋಡಿದವರೆಲ್ಲ, "ಇದರಲ್ಲಿ ನೋಡಲಿಕ್ಕೆ ಎಂತ ಉಂಟು?" ಅಂದರು. ಹೆದರಿಕೆಯಾಯಿತು, ಈಗ ಒಪ್ಪಿಕೊಳ್ತೇನೆ. ಉಳಿಗಳನ್ನೆಲ್ಲ ಒರೆಸಿ ಸಾಲಾಗಿ ಇಟ್ಟೆ.

ಎರಡು ದಿನ ಬಿಟ್ಟು ನೋಡಿದರೆ ಜಗಲಿಯಲ್ಲಿ ಹಲಗೆಯೇ ಇಲ್ಲ. ಹೆಂಡತಿಯನ್ನು ಕೇಳಿದೆ. "ಒಬ್ಬರು ಒಯ್ದರು. ಯಾರು ಅಂತ ಕೇಳಬೇಡಿ. ಈ ಸಲ ನೀವು ಅಲ್ಲಿಗೆ ಹೋಗುವುದೂ ಬೇಡ, ಬಾಯಿ ಬಿಡುವುದೂ ಬೇಡ" ಅಂದಳು. ಸೌದೆಗೆ ಕೊಟ್ಟಿದ್ದಾಳೆ, ಹೇಳಲಿಕ್ಕೆ ಹೆದರ್ತಾಳೆ ಅಂತಲೇ ನಾನು ತಿಳಿದುಕೊಂಡೆ.

ಒದ್ದೆ ಗೋಡೆ

ಚೌತಿಯ ಹಿಂದಿನ ದಿನ ಭಾವ ಬಂದ. ಗೂಡ್ಸ್ ರಿಕ್ಷಾದಲ್ಲಿ ಕುರ್ಚಿಯನ್ನೂ ಹಾಕಿಕೊಂಡೇ ಬಂದಿದ್ದ. "ಕೂತು ನೋಡು ಭಾವ, ಹೆಚ್ಚುಕಡಿಮೆ ಇದ್ದರೆ ಇವತ್ತೇ ಸರಿ ಮಾಡಿಸ್ತೇನೆ."

ನಾನು ಕೂತುಕೊಳ್ಳಲಿಲ್ಲ. "ಚೌತಿ ನಾಳೆಯಲ್ಲವಾ" ಅಂತ ಸಣ್ಣ ಸ್ವರದಲ್ಲಿ ಅಂದೆ.

ಹೆಂಡತಿ ಚಾ ತಂದಿಟ್ಟಳು. "ಅಣ್ಣಾ, ಹೋಟೆಲಿನ ಕೈತೊಳೆಯುವಲ್ಲಿ ಗೋಡೆ ಒದ್ದೆಯಾಗಿ ಬಣ್ಣ ಏಳ್ತಾ ಇತ್ತಲ್ಲ, ಸರಿಯಾಯಿತಾ?"

"ಮಳೆಯಲ್ಲಿ ಎಲ್ಲಿ ಸರಿಯಾಗ್ತದೆ? ಪೈಂಟಿನವರು ಚೌತಿ ಕಳೀಲಿ ಅಂದಿದ್ದಾರೆ. ಅದೇ ನೀನು ಮುಚ್ಚಲಿಕ್ಕೆ ಅಂತ ಒಂದು ಹಲಗೆ ಕಳಿಸಿದ್ದೀಯಲ್ಲ, ಅದನ್ನೇ ಹಾಕಿ…"

ಚಾದ ಲೋಟ ಬಾಯಿಯ ಹತ್ತಿರ ಹೋಗಿ ನಿಂತಿತು. ಭಾವ ನನ್ನನ್ನು ನೋಡಿದ, ನಾನು ಹೆಂಡತಿಯನ್ನು ನೋಡಿದೆ, ಹೆಂಡತಿ ಬೆರಳಲ್ಲಿ ಎಣಿಸಿದಳು.

"ಇವತ್ತಿಗೆ ಮೂವತ್ತೊಂದು ದಿನ. ಯಾರ ಗೋಡೆಯಾದರೂ ಅಡ್ಡಿಯಿಲ್ಲ ಅಂದದ್ದು ನೀನೇ ಅಣ್ಣ."

"ಅದರಲ್ಲಿ ಸೂರ್ಯ ಇತ್ತು, ದೋಣಿ ಇತ್ತು, ಮರ ಇತ್ತು! ಇದು ಬರೀ ಅಲೆ! ನನಗೆ ಹೇಗೆ ಗುರ್ತ ಸಿಗಬೇಕು?"

"ಮೂಲೆಯಲ್ಲಿ ನನ್ನ ಹೆಸರುಂಟು" ಅಂದೆ. ಹೋಗಿದ್ದ ಸ್ವರ ಪೂರ್ತಿ ವಾಪಸ್ಸು ಬಂದಿತ್ತು. "ಹೆಸರಿನ ಕೆಳಗೆ ಊರೂ ಉಂಟು."

ಭಾವ ದಡಬಡ ಎದ್ದ. "ಈಗಲೇ ಹೋಗಿ ತೆಗೀತೇನೆ" ಅಂತ ರಿಕ್ಷಾ ಹತ್ತಿದ. ತೆಗೆದರೆ ತೆಗೀಲಿ, ತಿಂಗಳು ಕಳೆದಾಗಿದೆ. ಆದರೂ ನನ್ನ ಹಲಗೆ ಗೋಡೆಯಲ್ಲಿ ಹೇಗೆ ಕಾಣ್ತದೆ ಅಂತ ನೋಡಬೇಡವಾ? ನಾನೂ ಹತ್ತಿದೆ.

ಮಧ್ಯಾಹ್ನದ ಊಟದ ಹೊತ್ತು, ಹೋಟೆಲಿನಲ್ಲಿ ಕಾಲಿಡಲಿಕ್ಕೆ ಜಾಗ ಇಲ್ಲ. ಭಾವ ಕೈಯೆತ್ತಿ ಹಲಗೆಗೆ ಕೈ ಹಾಕಿದ್ದೇ ತಡ, ಸಪ್ಲೈಯರ್ ಓಡಿ ಬಂದ.

"ಅದನ್ನು ಮಾತ್ರ ತೆಗೀಬೇಡಿ ಧಣೀ! ಮೊದಲು ಎಲ್ಲರೂ ಎಂಜಲು ಕೈ ಹಿಡಿದುಕೊಂಡು 'ಕೈ ತೊಳೆಯುವುದೆಲ್ಲಿ, ಕೈ ತೊಳೆಯುವುದೆಲ್ಲಿ' ಅಂತ ನನ್ನ ಜೀವ ತಿಂತಿದ್ದರು. ಇದು ಬಂದ ಮೇಲೆ ಯಾರೂ ಕೇಳುವುದಿಲ್ಲ. ದೂರದಿಂದಲೇ ನೀರು ನೋಡಿ ಬರ್ತಾರೆ."

ಭಾವನ ಕೈ ಕೆಳಗಿಳಿಯಿತು. ನನ್ನ ಎದೆ ಎಷ್ಟು ಉಬ್ಬಿತು ಅಂದರೆ ಅಂಗಿಯ ಗುಂಡಿ ಕಿತ್ತು ಬರುವ ಹಾಗಾಯಿತು. ಒಂದು ಮಾತು ಹೇಳೋಣ ಅಂತ ಗಂಟಲು ಸರಿಮಾಡಿಕೊಂಡೆ.

ಅಷ್ಟರಲ್ಲಿ ಒಬ್ಬರು ಗೃಹಸ್ಥರು ಊಟ ಮುಗಿಸಿ ಬಂದರು. ಇಸ್ತ್ರಿ ಮಾಡಿದ ಶರ್ಟು, ದೊಡ್ಡ ದೊಡ್ಡ ಊರು ತಿರುಗಿದವರ ಹಾಗೆ ಕಾಣ್ತಿದ್ದರು. ಬೇಸಿನ್ ಬಿಟ್ಟು ಸೀದಾ ನನ್ನ ಹಲಗೆಯ ಎದುರು ನಿಂತರು. ಸಾರು ಮೆತ್ತಿದ ಬಲಗೈಯನ್ನು ಅಲೆಗಳ ಕೆಳಗೆ ಹಿಡಿದರು. ಸ್ವಲ್ಪ ಎಡಕ್ಕೆ ತಂದರು, ಸ್ವಲ್ಪ ಬಲಕ್ಕೆ ತಂದರು. ಕೈ ಮೇಲೆ ಕೆಳಗೆ ಮಾಡಿ ನೋಡಿದರು. ಮತ್ತೆ ನನ್ನ ಕಡೆ ತಿರುಗಿ, "ಸೆನ್ಸರ್ ಹಾಳಾಗಿದೆಯಾ? ನೀರು ಬರ್ತಾ ಇಲ್ಲ" ಅಂದರು.

ಮೂವತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಇಂಥ ಸರ್ಟಿಫಿಕೇಟು ಯಾರೂ ಕೊಟ್ಟಿರಲಿಲ್ಲ. ಅವರ ಮೊಣಕೈ ಹಿಡಿದು ಬದಿಯ ಬೇಸಿನ್ನಿಗೆ ಕರಕೊಂಡು ಹೋಗಿ ನಾನೇ ನಳ್ಳಿ ತಿರುಗಿಸಿದೆ.

"ಇದರಲ್ಲಿ ತೊಳೆಯಿರಿ ಸ್ವಾಮೀ" ಅಂದೆ. "ಅದು ಉಪ್ಪುನೀರು, ಸಾಬೂನು ನೊರೆ ಬರುವುದಿಲ್ಲ."