ಅಲುಗಾಡದ ತೊಂಬತ್ತು ಡಿಗ್ರಿ

ಕನ್ನಡಕ ಹಾಕಿಕೊಂಡವನಿಗೆ ಇಂಗ್ಲಿಷ್ ಓದಲು ಬರುತ್ತದೆ ಎಂದು ನಮ್ಮ ಕಡೆಯ ಜನ ನಂಬುತ್ತಾರೆ. ಓದಿದ್ದೆಲ್ಲ ಅವನಿಗೆ ಅರ್ಥವೂ ಆಗುತ್ತದೆ ಎಂದು ಇನ್ನೂ ಗಟ್ಟಿಯಾಗಿ ನಂಬುತ್ತಾರೆ. ಈ ಎರಡನೆಯ ನಂಬಿಕೆಯನ್ನು ನಾನು ಒಂದು ಸಲವೂ ಅಲ್ಲಗಳೆದವನಲ್ಲ. ಓಣಿಯವರು ಮಾತ್ರೆಯ ಚೀಟಿ ತಂದು ತೋರಿಸಿದರೆ ಹುಬ್ಬು ಗಂಟಿಕ್ಕಿ ಎರಡು ನಿಮಿಷ ನೋಡಿ, "ಊಟ ಆದ್ಮೇಲೆ ತಗೊಳ್ಳಿ" ಎನ್ನುತ್ತಿದ್ದೆ. ಹೆಚ್ಚುಕಮ್ಮಿ ಎಲ್ಲ ಮಾತ್ರೆಗೂ ಅದು ಹೊಂದುತ್ತಿತ್ತು. ನನ್ನ ಹೆಂಡತಿ ಶಾರದೆಗೆ ಮಾತ್ರ ಈ ವಿದ್ವತ್ತಿನ ಆಳ ಗೊತ್ತಿತ್ತು. "ಒಲೆ ಮುಂದೆ ಕೂತು ಹಾಲು ಉಕ್ಕಿಸ್ದೋರು, ಶೆಡ್ಡಲ್ಲಿ ಆ ಬಿಸಿ ಪೆಟ್ಟಿಗೆ ಹೆಂಗೆ ನೋಡ್ಕೋತೀರೋ" ಎಂದು ಆಗಾಗ ಆಶ್ಚರ್ಯಪಡುತ್ತಿದ್ದಳು.

ತೊಂಬತ್ತರ ದಶಕದ ಮೊದಲ ವರ್ಷಗಳವು. ಹಿಂದೂಪುರದಲ್ಲಿ ರೇಷ್ಮೆಗೂಡು ಒಣಗಿಸುವ ಶೆಡ್ಡೊಂದರಲ್ಲಿ ನಾನು ಸೂಪರ್‌ವೈಸರ್. ಗೂಡಿನೊಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಗೆ ಬಂದರೆ ಆ ಗೂಡಿನಿಂದ ನೂಲು ತೆಗೆಯಲು ಆಗುವುದಿಲ್ಲ. ಆದ್ದರಿಂದ ಅದಕ್ಕೆ ಮುಂಚೆಯೇ ಗೂಡುಗಳನ್ನು ಬಿಸಿಗಾಳಿಯ ದೊಡ್ಡ ಪೆಟ್ಟಿಗೆಯಲ್ಲಿಟ್ಟು ಒಣಗಿಸಬೇಕು. ಈ ಕೆಲಸವನ್ನು ಓಬುಳೇಸು ಎಂಬಾತ ಹತ್ತು ವರ್ಷದಿಂದ ಮಾಡುತ್ತಿದ್ದ. ಅವನ ಉಪಕರಣ ಎಂದರೆ ಅವನ ಬಲ ಅಂಗೈ. ಪೆಟ್ಟಿಗೆಯ ಬಾಗಿಲಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ, "ಇನ್ನೂ ಒಸಿ ಕಾಯ್ಲಿ" ಎಂದರೆ ಮುಗಿಯಿತು. ಹೀಗಿರುವಾಗ ನಮ್ಮ ಸಾವುಕಾರರು ಬೆಂಗಳೂರಿನಿಂದ ಒಂದು ಹೊಸ ಕಂಟ್ರೋಲರ್ ತಂದು ಪೆಟ್ಟಿಗೆಗೆ ಹಾಕಿಸಿದರು. ಅಂಗೈಯಷ್ಟು ಡಬ್ಬಿ, ಕೆಂಪು ಅಂಕಿಗಳು, ನಾಲ್ಕು ಗುಂಡಿ. ಬಿಸಿ ಹೆಚ್ಚುಕಮ್ಮಿಯಾದರೆ ಕೂಗುತ್ತದೆ, ಹೊತ್ತು ಮುಗಿದರೆ ತಾನೇ ಆರುತ್ತದೆ. ಜೊತೆಗೆ ಇಂಗ್ಲಿಷಿನ ಒಂದು ಪುಸ್ತಕ. ಸಾವುಕಾರರು ಅದನ್ನು ನನ್ನ ಕೈಗಿಟ್ಟು, "ನೀವು ಬಿಎಸ್ಸಿ ಅಲ್ವೇನ್ರೀ, ನೋಡ್ಕೊಳ್ಳಿ" ಎಂದು ಪೆನುಕೊಂಡಕ್ಕೆ ಹೊರಟುಹೋದರು. ನಾನು ಓದಿದ್ದು ಪ್ರಾಣಿಶಾಸ್ತ್ರ ಎಂದು ಹೇಳುವಷ್ಟರಲ್ಲಿ ಅವರ ಸ್ಕೂಟರು ಗೇಟು ದಾಟಿತ್ತು.

ಅವತ್ತೇ ಬೆಳಗಿನ ಹೊತ್ತು, ಅವರು ಹೋದ ಬೆನ್ನಿಗೇ ರತ್ನಮ್ಮ ಬಂದಿದ್ದು. ಕಲ್ಯಾಣದುರ್ಗದ ಕಡೆಯ ರೈತಾಪಿ ಹೆಂಗಸು, ಐವತ್ತರ ಆಸುಪಾಸು. ಹಿಂದಿನ ದಿನವೇ ಬುಟ್ಟಿಗಳ ಸಮೇತ ಹಿಂದೂಪುರಕ್ಕೆ ಬಂದಿಳಿದಿದ್ದಳು. ಆದರೆ ಗೂಡಿನ ಮಾರುಕಟ್ಟೆ ಮುಚ್ಚಿತ್ತು. "ನಾಳಿಕ್ಕೆ ಚಿಟ್ಟೆ ಒಡ್ದುಬುಡ್ತವೆ ಕಣಪ್ಪ, ಇವತ್ತೇ ಒಣಗಿಸ್ಕೊಡು. ಇಪ್ಪತ್ತೆಂಟು ದಿನ ಮಕ್ಕಳ ಥರ ಸಾಕಿವ್ನಿ" ಎಂದಳು. ನಾನು ಹೊಸ ಡಬ್ಬಿಯನ್ನು ತೋರಿಸಿ, "ಇದು ಬಂದ್ಮೇಲೆ ನಿಮಗೆ ಚಿಂತೆ ಬೇಡಮ್ಮ" ಎಂದೆ.

ಬೆಳಿಗ್ಗೆ ಎಂಟಕ್ಕೆ ಗೂಡು ತುಂಬಿ, ತೊಂಬತ್ತು ಡಿಗ್ರಿ ಎಂದು ಒತ್ತಿ ಸ್ವಿಚ್ ಹಾಕಿದೆ. ತಕ್ಷಣ ಡಬ್ಬಿ ಹುಚ್ಚು ಹಿಡಿದಂತೆ ಕೂಗತೊಡಗಿತು. ಪೆಟ್ಟಿಗೆ ಇನ್ನೂ ತಣ್ಣಗಿತ್ತಲ್ಲ, ಬಿಸಿ ಸಾಲದು ಎಂದು ಅದರ ದೂರು. "ಏಮಿ ಸಾರ್, ಯಾಕಿಂಗೆ ಬಡ್ಕೊಂತೈತೆ?" ಎಂದು ಓಬುಳೇಸು ಕಿವಿ ಮುಚ್ಚಿಕೊಂಡ. "ಹೊಸದು, ಹಾಗೇ" ಎಂದು ನಾನು ಗುಂಡಿಗಳನ್ನು ಒಂದೊಂದಾಗಿ ಒತ್ತುತ್ತ ಹೋದೆ. ಎಲ್ಲೋ ಒಂದು ಕಡೆ ಅದು ಬಾಯಿ ಮುಚ್ಚಿತು. ಅಲಾರಂ ಪೂರ್ತಿ ರದ್ದಾಗಿತ್ತು; ನನಗೆ ಅದು ದಾರಿಗೆ ಬಂದಂತೆ ಕಂಡಿತು. ಆಮೇಲೆ ನಾಲ್ಕು ಗಂಟೆಯ ಟೈಮರಿಗೆಂದು ನಾಲ್ಕು ಒತ್ತಿದೆ. ಒಂದೇ ನಿಮಿಷದಲ್ಲಿ ಕೆಂಪು ಅಂಕಿ ತೊಂಬತ್ತು ತೋರಿಸಿತು! ಹಳೆಯ ವಿಧಾನದಲ್ಲಿ ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ಓಬುಳೇಸು ಅಭ್ಯಾಸಬಲದಿಂದ ಬಾಗಿಲಿಗೆ ಅಂಗೈ ಒಡ್ಡಲು ಬಂದ. "ಇನ್ನು ಮುಟ್ಟೋದೆಲ್ಲ ಬೇಡಪ್ಪ, ಇದು ವಿಜ್ಞಾನ" ಎಂದುಬಿಟ್ಟೆ. ಅವನು ಗೇಟಿನ ಬಳಿ ಬೇವಿನ ಮರದ ಕೆಳಗೆ ಹೋಗಿ ಬೀಡಿ ಹಚ್ಚಿದ. ನಾಲ್ಕು ಗಂಟೆ ನಾನು ಆ ಅಂಕಿಯನ್ನೇ ನೋಡುತ್ತ ಕುಳಿತೆ. ಅರ್ಧ ಡಿಗ್ರಿಯೂ ಅಲುಗಾಡಲಿಲ್ಲ. ನನಗೆ ನನ್ನ ಮೇಲೆಯೇ ಗೌರವ ಹುಟ್ಟಿತು.

ಹನ್ನೆರಡಕ್ಕೆ ನಾನೂ ರತ್ನಮ್ಮನೂ ಬಾಗಿಲು ತೆಗೆದೆವು. ಮುಖಕ್ಕೆ ರಾಚಬೇಕಿದ್ದ ಝಳ ಇಲ್ಲ. ಬಾಣಂತಿ ಕೋಣೆಯ ಹಾಗೆ ಹಿತವಾಗಿ ಬೆಚ್ಚಗಿತ್ತು. ರತ್ನಮ್ಮ ಒಂದು ಗೂಡು ಎತ್ತಿ ಕಿವಿಗೆ ಹಿಡಿದಳು. ಅವಳ ಮುಖ ಕಪ್ಪಿಟ್ಟಿತು.

"ಒಳಗೆ ಮಿಸುಕ್ತೈತೆ ಕಣಪ್ಪ."

ಮೇಲಿನ ತಟ್ಟೆಯಲ್ಲಿ ಒಂದು ಗೂಡಿನ ತುದಿ ಒದ್ದೆಯಾಗಿತ್ತು. ನಾವು ನೋಡುತ್ತಿದ್ದಂತೆ ಅಲ್ಲಿಂದ ಒಂದು ಬಿಳಿ ತಲೆ ಹೊರಬಂದು, ನನ್ನ ಕಡೆ ತಿರುಗಿ, ಎರಡು ಮೀಸೆ ಕುಣಿಸಿತು. ಅದರ ಪಕ್ಕದಲ್ಲಿ ಇನ್ನೊಂದು. "ಅಯ್ಯೋ ದೇವುಡಾ!" ಎಂದು ಓಬುಳೇಸು ಓಡಿ ಬಂದ. ರತ್ನಮ್ಮ ಬುಟ್ಟಿಯ ಪಕ್ಕದಲ್ಲೇ ಕುಸಿದು ಕುಳಿತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸುಮ್ಮನೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

ನಾನು ಮೊದಲ ಸಲ ಪುಸ್ತಕವನ್ನು ನಿಜವಾಗಿ ಓದಿದೆ. ನಾಲ್ಕು ಎಂದರೆ ನಾಲ್ಕು ನಿಮಿಷ. ಗಂಟೆ ಬೇಕೆಂದರೆ ಬೇರೆ ಗುಂಡಿ. ಬೆಳಿಗ್ಗೆ ಎಂಟೂಕಾಲಾಗುವ ಮೊದಲೇ ಬಿಸಿ ಮಾಡುವ ಕಾಯಿಲು ಆರಿತ್ತು. ನಾನು ಭಕ್ತಿಯಿಂದ ನೋಡುತ್ತಿದ್ದ ತೊಂಬತ್ತು, ಒಳಗಿನ ಬಿಸಿಯಲ್ಲ, ನಾನೇ ಒತ್ತಿದ್ದ ಅಂಕಿ. "ಓಬುಳೇಸು, ನನಗಿದು ಬರಲ್ಲಪ್ಪ" ಎಂದೆ. ಅವನು ನಗಲಿಲ್ಲ. "ನೀವು ಓದ್ತಾ ಹೋಗ್ರಿ ಸಾರ್, ಎಷ್ಟಕ್ಕೆ ಇಡ್ಬೇಕು ಅಂತ ನಾನು ಹೇಳ್ತೀನಿ" ಎಂದ. ನಾನು ಓದಿ ಓದಿ ಕನ್ನಡದಲ್ಲಿ ಹೇಳಿದೆ. "ತಣ್ಣಗಿರೋವಾಗ ಸುಮ್ಕಿದ್ದು, ಒಂದ್ಸಲ ಕಾದ್ಮೇಲೆ ಬಿಸಿ ಇಳಿದ್ರೆ ಕೂಗು ಅನ್ನಕ್ಕೆ ಆಯ್ತದಾ ನೋಡ್ರಿ" ಎಂದ. ಪುಟ ಹದಿನಾಲ್ಕರಲ್ಲಿ ಅದೇ ಇತ್ತು. ಅಷ್ಟರಲ್ಲಿ ರತ್ನಮ್ಮ ಎದ್ದು, ಒಡೆದ ಗೂಡುಗಳನ್ನು ಸರಸರನೆ ಆರಿಸಿ ಬೇರೆ ಹಾಕಿದಳು. ಉಳಿದವನ್ನು ಪೆಟ್ಟಿಗೆಗೆ ತುಂಬಿ ಮತ್ತೆ ಸ್ವಿಚ್ ಹಾಕಿದೆವು; ಮುಕ್ಕಾಲು ಗಂಟೆಯ ಮೇಲೆ ಓಬುಳೇಸು ಬಾಗಿಲಿಗೆ ಅಂಗೈ ಒತ್ತಿ ಪರೀಕ್ಷಿಸಿದ. ಡಬ್ಬಿಯೂ ಅಂಗೈಯೂ ಒಪ್ಪಿದವು. ಸಂಜೆಯ ಹೊತ್ತಿಗೆ ಗೂಡುಗಳು ಹಗುರಾಗಿ ಗಲಗಲ ಎಂದವು. ಹಾಳಾದದ್ದು ಎರಡು ಬೊಗಸೆ.

ಸಾವುಕಾರರು ಆಗಲೇ ಬಂದು, "ಹೊಸ ಮಿಷನ್ನು ಹೆಂಗಮ್ಮ?" ಎಂದರು. ರತ್ನಮ್ಮ ನನ್ನನ್ನೊಮ್ಮೆ ನೋಡಿ, "ಚೆಂದಾಗೈತೆ. ಬೆಳಿಗ್ಗೆ ಹುಳಕ್ಕೆ ಬಾಣಂತನ ಮಾಡ್ತು, ಮಧ್ಯಾಹ್ನದ ಮ್ಯಾಲೆ ಗೂಡು ಒಣಗಿಸ್ತು" ಎಂದಳು. ಸಾವುಕಾರರು ಅರ್ಥವಾಗದೆಯೇ ಜೋರಾಗಿ ನಕ್ಕರು.

ಮುಂದಿನ ತಿಂಗಳು ಕಲ್ಯಾಣದುರ್ಗದಲ್ಲಿ ಸಾವುಕಾರರ ನೆಂಟರೊಬ್ಬರು ಅಂಥದೇ ಡಬ್ಬಿ ಹಾಕಿಸಿದರು. ಅದನ್ನು ಹೊಂದಿಸಲು ಸಾವುಕಾರರು ನನ್ನನ್ನೂ ಓಬುಳೇಸುವನ್ನೂ ಕಳಿಸಿದರು. ಅಲ್ಲಿ ನಾನು ನೆಲದ ಮೇಲೆ ಕುಕ್ಕರುಗಾಲಿನಲ್ಲಿ ಕೂತು ಪುಸ್ತಕ ಓದುತ್ತಿದ್ದೆ. ಓಬುಳೇಸು ಇಸ್ತ್ರಿ ಷರ್ಟು ತೊಟ್ಟು ನಿಂತು, ಎಷ್ಟು ಒತ್ತಬೇಕೆಂದು ಹೇಳುತ್ತಿದ್ದ. ಆ ನೆಂಟರು ಓಬುಳೇಸುವಿಗೆ ಕುರ್ಚಿ ಹಾಕಿಸಿ, "ಕೂತ್ಕೊಳ್ಳಿ ಇಂಜಿನಿಯರ್ ಸಾರ್" ಎಂದರು. ಆಮೇಲೆ ನನ್ನ ಕಡೆ ಬಗ್ಗಿ, "ನೀನು ಇವರತ್ರ ಎಷ್ಟು ವರ್ಷದಿಂದ ಇದೀಯಪ್ಪ?" ಎಂದು ಪ್ರೀತಿಯಿಂದ ಕೇಳಿದರು.

"ಈಗಷ್ಟೇ ಸೇರ್ಕೊಂಡಿದೀನಿ, ಸಾರ್" ಎಂದೆ.