ಹುಣಸೆಹಣ್ಣಲ್ಲಿ ಬೆಳಗಿದ ಪ್ಲಗ್ಗು

ಕಾರಿನ ಸ್ಪಾರ್ಕ್ ಪ್ಲಗ್ಗನ್ನೂ ಅದರ ವೈರನ್ನೂ ಬದಲಾಯಿಸುವ ಕಾಲ ಬಂದಿದೆ ಎಂದು ತಿಳಿಯುವುದು ಹೇಗೆ? ಈ ವಿಷಯದಲ್ಲಿ ವಿದ್ಯಾನಗರದ ನಮ್ಮ ರಸ್ತೆಯಲ್ಲಿ ನನ್ನಷ್ಟು ತಿಳಿದವರಿಲ್ಲ. ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಏರು ಬಂದರೆ ಜಗ್ಗಿ ಜಗ್ಗಿ ನಡೆಯುತ್ತದೆ. ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತದೆ. ಇದನ್ನೆಲ್ಲ ನಮ್ಮ ಸೆಕೆಂಡ್ ಹ್ಯಾಂಡ್ ಕಾರು ನನಗೆ ತಿಂಗಳುಗಟ್ಟಲೆ ತಿಳಿಸಿಹೇಳಿತ್ತು. ಒಮ್ಮೆ ಸಂಜೆಗತ್ತಲಲ್ಲಿ ಬಾನೆಟ್ ಎತ್ತಿದಾಗ ವೈರಿನ ಮೇಲೆ ನೀಲಿ ಕಿಡಿ ಹರಿದಾಡುವುದೂ ಕಂಡಿತು. ಒಳಗೆ ಕರೆಂಟು ಧಾರಾಳವಾಗಿದೆ ಎಂದು ಸಮಾಧಾನಪಟ್ಟು ಬಾನೆಟ್ ಮುಚ್ಚಿದೆ.

ಮೆಕ್ಯಾನಿಕ್ ರಾಜಣ್ಣ ಯುಗಾದಿ ಹೊತ್ತಿಗೇ ಹೇಳಿದ್ದ. "ವೈರು ಬಿರುಕು ಬಿಟ್ಟಿದೆ ಸಾರ್, ಪ್ಲಗ್ಗೂ ಹೋಗಿದೆ. ಎರಡೂ ಹೊಸದು ಹಾಕ್ಸಿಬಿಡಿ."

"ಹಬ್ಬ ಕಳೀಲಿ ರಾಜಣ್ಣ," ಎಂದೆ. ನಮ್ಮಲ್ಲಿ ಒಂದು ಹಬ್ಬ ಕಳೆದರೆ ಇನ್ನೊಂದು ಬಂದು ನಿಲ್ಲುತ್ತದೆ. ಹಾಗೇ ಆಯುಧಪೂಜೆಯೂ ಬಂತು.

ನನ್ನ ಹೆಂಡತಿ ಸರೋಜಳ ತವರು ಭದ್ರಾವತಿಯ ಕಾಗದನಗರ, ಕಾಗದದ ಕಾರ್ಖಾನೆಯವರ ಕ್ವಾರ್ಟರ್ಸು. ಅಲ್ಲಿಗೆ ಕಾರಿನಲ್ಲಿ ಎರಡು ಸಲ ಹೋಗಿದ್ದೆವು. ಎರಡು ಸಲವೂ ಕೊನೆಯ ತಿರುವಿನಿಂದ ಅವಳೇ ಕಾರು ತಳ್ಳಿಕೊಂಡು ತವರಿನ ಬಾಗಿಲು ಮುಟ್ಟಿದ್ದಳು. ಕ್ವಾರ್ಟರ್ಸಿನವರೆಲ್ಲ ಹೊರಗೆ ನಿಂತು ನೋಡಿದ್ದರು.

"ಒಂದೇ ಒಂದು ಸಲ ನಮ್ಮಮ್ಮನ ಮನೆ ಬಾಗಿಲಲ್ಲಿ ಕಾರಿಂದ ಇಳೀಬೇಕು ಕಣ್ರೀ. ರೇಷ್ಮೆ ಸೀರೆ ಉಟ್ಕೊಂಡು. ತಳ್ಳದೆ," ಎಂದಳು.

"ಇದೂ ಒಂದು ಆಸೆನಾ ಮಾರಾಯ್ತಿ? ಹಬ್ಬದ ಊಟಕ್ಕೆ ಹಾಗೇ ಹೋಗೋಣ. ಆಯ್ತು ಅಂತ ತಿಳ್ಕೋ."

ಹಬ್ಬದ ಹಿಂದಿನ ದಿನ ಅವಳು ಹುಣಸೆಹಣ್ಣು ಹಾಕಿ ದೇವರ ದೀಪ ಬೆಳಗುತ್ತಿದ್ದಳು. ನಾನೂ ಕಾರಿನ ಪ್ಲಗ್ಗುಗಳನ್ನು ಬಿಚ್ಚಿ ತಂದು ಪಕ್ಕದಲ್ಲಿ ಕೂತು ಬೆಳಗಿದೆ. ಫಳಫಳ ಹೊಳೆದವು. ಹೊಳೆಯುವ ಪ್ಲಗ್ಗನ್ನು ಯಾವ ಮೂರ್ಖ ಬದಲಾಯಿಸುತ್ತಾನೆ? ಮರುದಿನ ಬೆಳಿಗ್ಗೆ ಭಕ್ತಿ ಇನ್ನೂ ಹೆಚ್ಚಾಗಿ, ಬಾನೆಟ್ ಎತ್ತಿ ಇಂಜಿನ್ನಿಗೂ ಪೈಪಿನಲ್ಲಿ ಅಭಿಷೇಕ ಮಾಡಿದೆ. ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಚಕ್ರದಡಿ ನಿಂಬೆಹಣ್ಣು, ಮಂಗಳಾರತಿ. ಒಂದಕ್ಕೂ ಲೋಪವಿರಲಿಲ್ಲ. ಸರೋಜ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತಳು. ನಾನು ಕೀ ತಿರುಗಿಸಿದೆ. ಇಂಜಿನ್ ಒಮ್ಮೆ ನರಳಿ ಸುಮ್ಮನಾಯಿತು. ನಿಂಬೆಹಣ್ಣುಗಳಿಗೆ ಒಂದು ಗೀರೂ ಬಿದ್ದಿರಲಿಲ್ಲ!

ರಾಜಣ್ಣನ ಗ್ಯಾರೇಜಿಗೆ ಓಡಿದೆ. ಹೊಸ ಪಂಚೆ ಉಟ್ಟು ಬಾಳೆಕಂದಿನ ನಡುವೆ ನಿಂತಿದ್ದ. ಸ್ಪ್ಯಾನರುಗಳೆಲ್ಲ ಕುಂಕುಮ ಹಚ್ಚಿಸಿಕೊಂಡು ದೇವರ ಫೋಟೋ ಮುಂದೆ ಸಾಲಾಗಿ ಮಲಗಿದ್ದವು.

"ಇವತ್ತು ಸ್ಪ್ಯಾನರ್ ಮುಟ್ಟಂಗಿಲ್ಲ ಸಾರ್. ನಾಳೆ ಬನ್ನಿ. ಮಂಡಕ್ಕಿ ತಗೊಳ್ಳಿ."

ಇಡೀ ವರ್ಷದಲ್ಲಿ ಯಾವ ಮೆಕ್ಯಾನಿಕ್ಕೂ ಕೈ ಹಾಕದ ಒಂದೇ ದಿನವನ್ನು ನಾನು ಆರಿಸಿಕೊಂಡಿದ್ದೆ. ಮಂಡಕ್ಕಿ ಪೊಟ್ಟಣ ಹಿಡಿದು ವಾಪಸು ಬಂದೆ. ಅಭಿಷೇಕದಲ್ಲಿ ನೆಂದ ವೈರುಗಳನ್ನು ಟವೆಲಿನಿಂದ ಒರೆಸಿ ಒರೆಸಿ ತೋಳು ಸೋತ ಮೇಲೆ ಇಂಜಿನ್ ಮೂರು ಸಿಲಿಂಡರಿನಲ್ಲಿ ಎದ್ದಿತು. ನಾಲ್ಕನೆಯದು ಹಬ್ಬಕ್ಕೆ ರಜೆ ಹಾಕಿತ್ತು. ನಿಂಬೆಹಣ್ಣು ಪಚಕ್ಕೆಂದವು. ಸರೋಜ ನಕ್ಕಳು. ಆ ಕಾರಿನಲ್ಲಿ ಅವಳು ನಕ್ಕಿದ್ದು ಅದೇ ಮೊದಲು. ನನಗೆ ನಿಜಕ್ಕೂ ಸಂತೋಷವಾಯಿತು.

ಆ ಸಂತೋಷ ಅರ್ಧ ದಾರಿಯ ಮಾಚೇನಹಳ್ಳಿಯವರೆಗೆ ಬಾಳಿತು. ಅಲ್ಲಿ ಕಾರು ಜಗ್ಗಿ, ಕೆಮ್ಮಿ, ಢಂ ಎಂದು ಸದ್ದು ಮಾಡಿ ನಿಂತೇಬಿಟ್ಟಿತು. ಸುತ್ತಲಿನ ವರ್ಕ್‌ಶಾಪುಗಳಿಗೆಲ್ಲ ಹೂವಿನ ಹಾರ, ಅದರ ಹಿಂದೆ ಬೀಗ.

"ನಾನು ತಳ್ಳಲ್ಲ," ಎಂದಳು ಸರೋಜ, ನನ್ನ ಕಡೆ ನೋಡದೆ.

"ನಿನ್ನ ಯಾರು ತಳ್ಳು ಅಂದ್ರು?" ಎಂದೆ. ತಳ್ಳುತ್ತೀಯಾ ಎಂದು ಕೇಳಲೇ ಬಾಯಿ ತೆರೆದಿದ್ದೆ.

ಬಿಸಿಲಲ್ಲಿ ಬೆವರುತ್ತ ನಿಂತಿದ್ದಾಗ ಭದ್ರಾವತಿ ಕಡೆ ಹೊರಟಿದ್ದ ಟ್ರ್ಯಾಕ್ಟರೊಂದು ಪಕ್ಕದಲ್ಲಿ ನಿಂತಿತು. ಅದರ ಮೈತುಂಬ ಬಾಳೆಕಂದು, ಬಲೂನು. ಡ್ರೈವರ್ ಏನೂ ಕೇಳದೆ ಹಗ್ಗ ತಂದು ಕಟ್ಟಿದ. ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತ ನಮ್ಮನ್ನು ಕಾಗದನಗರಕ್ಕೆ ಎಳೆದು ತಂದ. ಆ ಸದ್ದಿಗೆ ಕ್ವಾರ್ಟರ್ಸಿನವರೆಲ್ಲ ಮತ್ತೆ ಹೊರಗೆ ಬಂದರು. ಸರೋಜ ಸೆರಗು ಸರಿಮಾಡಿಕೊಂಡು, ಅಮ್ಮನ ಮನೆ ಬಾಗಿಲಲ್ಲಿ ತಲೆ ಎತ್ತಿ ಇಳಿದಳು. ತಳ್ಳಿರಲಿಲ್ಲವಲ್ಲ.

ಅತ್ತೆ ಆರತಿ ತಟ್ಟೆ ಹಿಡಿದು ಬಂದರು. ಏನೇ ಆಗಲಿ ಅಳಿಯನ ಕಾರು, ಹಬ್ಬದ ದಿನ. ನಾನು ಬಾನೆಟ್ ಪಕ್ಕದಲ್ಲಿ ಕೈಕಟ್ಟಿ ವಿನಯದಿಂದ ನಿಂತೆ.

"ಸ್ವಲ್ಪ ಪಕ್ಕಕ್ಕೆ ಬನ್ನಿ ಅಳಿಯಂದ್ರೆ," ಎಂದರು ಮಾವ.

ಸರಿದು ನಿಂತೆ. ಅತ್ತೆ ನನ್ನನ್ನೂ ಕಾರನ್ನೂ ದಾಟಿ ಮುಂದೆ ಹೋಗಿ, ಟ್ರ್ಯಾಕ್ಟರಿಗೆ ಆರತಿ ಬೆಳಗಿದರು.