ಬಂಗಾರದ ಕವಚದ ಆರನೆಯವನು

ಕೆಲವರ ಹಿಂದೆ ನಾಯಿ ಬೀಳುತ್ತವೆ, ನನ್ನ ಹಿಂದೆ ಗೊಂಬೆ ಬಿದ್ದವು. ಸುಮ್ಮನಿದ್ದರೂ ಒಂದಿಲ್ಲೊಂದು ಫಜೀತಿ. ಆದರೂ ಹೇಳಿಬಿಡುತ್ತೇನೆ, ಇಡೀ ಕಮಲಾಪುರದಲ್ಲಿ ವಿಡಿಯೋ ಗೇಮಿನ ಗೊಂಬೆ ಕೂಡಿಸಿದ ಮೊದಲ ಗಂಡಸು ನಾನೇ. ಎರಡನೆಯವನು ಇನ್ನೂ ಹುಟ್ಟಿಲ್ಲ.

ಪಂತ

ನಾನು ಕಲಬುರಗಿಯಲ್ಲಿ ಕಾಲೇಜು ಕಲಿಯುವಾಗ ಹೊಸದಾಗಿ ಒಂದು ಬರ್ಗರ್ ಅಂಗಡಿ ಬಂತು. ಮಕ್ಕಳ ಊಟದ ಡಬ್ಬಿ ಕೊಂಡರೆ ಜೊತೆಗೊಂದು ಗೊಂಬೆ. ನಾವು ಕ್ಲಾಸು ತಪ್ಪಿಸಿ ಆಡುತ್ತಿದ್ದ ಗೇಮಿನವರೇ: ಗದೆ ಹಿಡಿದ ಕರಡಿ, ಬಿಲ್ಲು ಹಿಡಿದ ಹುಡುಗಿ, ಅವಳಿ ನರಿಗಳು, ಚಷ್ಮಾ ಹಾಕಿದ ಮುದಿ ಗೂಬೆ. ಆರನೆಯವನು ಮೈತುಂಬ ಬಂಗಾರದ ಕವಚ ತೊಟ್ಟ ಸರದಾರ. ಅವನು ಮಾತ್ರ ಯಾರ ಕೈಗೂ ಸಿಗುತ್ತಿರಲಿಲ್ಲ.

ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ವಕೀಲರ ಮಗ ನನ್ನ ಕ್ಲಾಸಿನವನು. ಅವನ ಹತ್ತಿರವೂ ಐದು, ನನ್ನ ಹತ್ತಿರವೂ ಐದು. ಒಂದು ದಿನ ಎಲ್ಲರ ಮುಂದೆ ಅಂದ: "ನೀವು ಕಮಲಾಪುರದವ್ರು ಕೆಂಪು ಬಾಳಿಹಣ್ಣು ಬೆಳೀರಿ. ಗೊಂಬಿ ನಮಗ ಬಿಡ್ರಿ."

ನಾನು ಬಿಡುವ ಪೈಕಿಯೇ? "ಮೊದಲು ಆರೂ ಕೂಡಿಸಿದವನ ಗೊಂಬಿಗೆ ಸೋತಾಂವ ಚಪ್ಪಲಿ ಬಿಟ್ಟು ಕೈ ಮುಗೀಬೇಕು. ಒಪ್ಪಿಗಿ ಏನು?"

"ಒಪ್ಪಿಗಿ. ನೀ ಹೆಂಗೂ ಚಪ್ಪಲಿ ಹಾಕೂದಿಲ್ಲ, ನಿನಗ ಹಗುರಾಗ್ತದ."

ಮಕ್ಕಳ ಊಟ

ಮರುದಿನವೇ ಅಂಗಡಿಗೆ ನುಗ್ಗಿದೆ. ಮಕ್ಕಳ ಡಬ್ಬಿ ಅಂದಕೂಡಲೆ ಕೌಂಟರಿನ ಹುಡುಗಿ ನನ್ನ ಹಿಂದೆ ಮುಂದೆ ಹುಡುಕಿದಳು.

"ಮಗು ಎಲ್ಲದ ರೀ?"

"ನಮ್ಮ ಆಯಿಗ್ರೀ. ಹಲ್ಲಿಲ್ಲ, ಮೆತ್ತಂದೇ ಬೇಕು."

ಆಯಿ ಅಂದರೆ ನಮ್ಮಪ್ಪನ ಅವ್ವ. ಬಸ್ಸು ಹತ್ತಿ ಕಮಲಾಪುರ ಮುಟ್ಟಿ ಬರ್ಗರ್ ಕೈಗಿಟ್ಟೆ. ಆಕೆ ಅದನ್ನು ಬಿಚ್ಚಿ, ಮುಚ್ಚಿ, ಒಂದು ತುತ್ತು ತಿಂದು ಅಂದಳು: "ಪಾಪ, ರೊಟ್ಟಿ ಬಡಿಯಾಕ ಬಾರದವ್ರು ಮಾಡ್ಯಾರ."

ಟವಲಿನ ಕೆಳಗೆ

ಡಬ್ಬಿಯ ಜೊತೆ ಮತ್ತೆ ಕರಡಿಯೇ ಬಂದಿತ್ತು. ಗೊಂಬೆಗಳೆಲ್ಲ ಕಪ್ಪು ಪಾಕೀಟಿನಲ್ಲಿ. ಯಾವುದಾದರೂ ಆರಿಸಿಕೊಳ್ಳಿ, ಒಳಗೆ ಮಾತ್ರ ನೋಡಬಾರದು ಎಂಬುದು ಅಂಗಡಿಯ ಕಾನೂನು. ನಾನೋ ದನದ ಸಂತೆಯಲ್ಲಿ ದಲಾಲರು ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ನೋಡಿ ಬೆಳೆದವನು. ಮುಂದಿನ ಸಲ ಪಾಕೀಟುಗಳ ಮೇಲೆ ಹೆಗಲ ಟವಲು ಹೊದಿಸಿ, ಕೈ ಒಳಗೆ ಬಿಟ್ಟು, ಕಣ್ಣು ಮುಚ್ಚಿ ಒಂದೊಂದಾಗಿ ಹಿಚುಕತೊಡಗಿದೆ.

ಮ್ಯಾನೇಜರ್ ಓಡಿ ಬಂದ. "ಏನ್ ಮಾಡಾಕತ್ತೀರಿ?"

"ಆರಸಾಕತ್ತೀನಿ."

"ಟವಲ್ ಯಾಕ್ರೀ?"

"ನೋಡಬಾರದು ಅಂದೀರಲ್ಲ. ಎಲ್ಲಿ ನೋಡಾಕತ್ತೀನಿ?"

ಅಷ್ಟರಲ್ಲಿ ಹೆಬ್ಬೆರಳಿಗೆ ಕವಚ ತಗುಲಿತು. ಪಾಕೀಟು ಹರಿದರೆ ಬಂಗಾರದ ಸರದಾರ. ಎದೆ ಉಬ್ಬಿಸಿ ಹೊರಟಾಗ ಮ್ಯಾನೇಜರ್ ಬಾಗಿಲ ತನಕ ಬಂದು ಕೇಳಿದ: "ಹಲ್ಲು ಎಣಿಸಿ ತಗೊಂಡ್ರಿಲ್ಲೋ?"

ಆಯಿಯ ವಿಚಾರಣೆ

ಆರನ್ನೂ ಮನೆಯ ಗೋಡೆಯ ಗೂಡಿನಲ್ಲಿ ಸಾಲಾಗಿ ನಿಲ್ಲಿಸಿ, ವಕೀಲರ ಮಗನಿಗೆ ಸುದ್ದಿ ಕಳಿಸಿದೆ: "ಎಳ್ಳ ಅಮಾಸಿಗಿ ನಮ್ಮ ಹೊಲಕ್ಕ ಊಟಕ್ಕ ಬಾ. ಕೈ ಮುಗಿದು ಹೋಗು."

ಆಯಿ ಗೂಡಿನ ಮುಂದೆ ನಿಂತು ಕೇಳಿದಳು, "ಯಾರೋ ಇವ್ರು?"

"ರಾಜ್ಯ ಕಳಕೊಂಡವ್ರು ಆಯಿ. ಅಡವಿ ಅಡವಿ ತಿರುಗಿ, ಲಡಾಯಿ ಮಾಡಿ, ರಾಜ್ಯ ವಾಪಸ್ ತಗೋತಾರ."

"ಈ ಬಂಗಾರದಾಂವ?"

"ಇವ್ರ ಪೈಕಿನೇ. ಆದ್ರ ವೈರಿ ಕಡೆ ಸೇರ್ಯಾನ."

ಆಯಿ ನನ್ನನ್ನೇ ಮರುಕದಿಂದ ನೋಡಿದಳು. "ಇಷ್ಟು ತಿಳಕೊಳ್ಳಾಕ ಕಲಬುರಗಿಗಿ ಹೋಗಬೇಕೇನೋ?"

ಅಮಾಸಿಯ ದಿನ

ನಮ್ಮಲ್ಲಿ ಎಳ್ಳ ಅಮಾಸಿಗೆ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಗೆ ಸುಣ್ಣ ಹಚ್ಚಿ, ಪಾಂಡವರೆಂದು ಪೂಜೆ ಮಾಡುತ್ತಾರೆ. ಆ ದಿನ ಮನೆಯಲ್ಲಿ ನೋಡಿದರೆ ಗೂಡು ಖಾಲಿ. ವಕೀಲರ ಮಗ ಗೆಳೆಯರನ್ನು ಕಟ್ಟಿಕೊಂಡು ಬಸ್ಸಿಳಿದಿದ್ದ. ಗೂಡಿನ ಸುದ್ದಿ ಎತ್ತದೆ, ಬಡಾಯಿ ಹೊಡೆಯುತ್ತ ಎಲ್ಲರನ್ನೂ ಹೊಲಕ್ಕೆ ಕರೆದೊಯ್ದೆ.

ಕೊಂಪೆಯೊಳಗೆ ನನ್ನ ಗೊಂಬೆಗಳು. ಸುಣ್ಣ, ಕುಂಕುಮ, ಮುಂದೆ ಕಾಳು-ಪಲ್ಲೆ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ಹಿಟ್ಟಿನ ಕಡಬು.

"ಆಯಿ, ಏನಿದು?"

"ವರ್ಷಾ ವರ್ಷಾ ಐದು ಕಲ್ಲು ಹುಡುಕಿ ಸಾಕಾಗಿತ್ತು. ಈ ಸಲ ಮನ್ಯಾಗೇ ಇದ್ರಲ್ಲ. ಗದಿ ಹಿಡದಾಂವ ಭೀಮ, ಅವಳಿ ನಕುಲ ಸಹದೇವ, ಚಷ್ಮಾದಾಂವ ಧರ್ಮರಾಯ."

ವಕೀಲರ ಮಗ ಕಿಸಕ್ಕನೆ ನಕ್ಕ. "ಆಯಿ, ಬಿಲ್ಲು ಹಿಡದದ್ದು ಹುಡುಗಿ."

"ಅರ್ಜುನ ಒಂದು ವರ್ಷ ಸೀರಿ ಉಟ್ಟಿಲ್ಲೇನು? ಚಪ್ಪಲಿ ಬಿಡು. ಕೈ ಮುಗಿ."

ಆಯಿಯ ದನಿಗೆ ಚಪ್ಪಲಿ ತಾವೇ ಕಳಚಿದವು. ಕೈ ಮುಗಿದ. ನಾನು ಗೆಳೆಯರ ಕಡೆ ತಿರುಗಿ ಮೀಸೆ ಮುಟ್ಟಿಕೊಂಡೆ.

ಆದರೆ ವಕೀಲರ ಮಗ ವಕೀಲರ ಮಗನೇ. "ತಡಿ, ತಡಿ. ಇಲ್ಲಿ ಐದೇ ಅದಾವ. ಪಂತ ಆರರದ್ದು. ಈ ಕೈ ಮುಗಿದದ್ದು ಲೆಕ್ಕಕ್ಕಿಲ್ಲ."

ನನ್ನ ಮೀಸೆ ಇಳಿಯಿತು. ಆಯಿ ಕಡಬು ಬಡಿಸುತ್ತಲೇ ಅಂದಳು:

"ಕರ್ಣನ್ನ ಪಾಂಡವರ ಸಾಲಿನ್ಯಾಗ ಹೆಂಗ ಕೂಡಸ್ಲೆಪ್ಪ? ಜಗಳ ಆಡ್ತಾರ. ಕೊಂಪಿ ಹಿಂದ ಕುಂದರ್ಸೀನಿ. ಹೋಗು, ಅವಗೂ ಕೈ ಮುಗಿದು ಬಾ. ಹಂಗೇ ಈ ಕಡಬು ಕೊಟ್ಟು ಬಾ, ಬೆಳಗಿನಿಂದ ಸಿಟ್ಟು ಮಾಡ್ಕೊಂಡು ಕುಂತಾನ."